ಗರಡಿ ಮನೆಗೆ ವಿಳಾಸ ಇತ್ತು, ಈ ವೆಬ್‌ಸೈಟಿಗೆ ಇದೆಯಾ?

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ, ಕೋಟು ಬಿಚ್ಚಿ, ಮುಖದ ಬಣ್ಣ ಒರೆಸ್ಕೊಳ್ತಾ ಕೂತಿದ್ದೆ. ಫೋನಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಪಾಂಡವಪುರ ತಾಲೂಕಿನ ಹುಡುಗ. "ಸಾರ್, ಪೊಲೀಸ್ ಫಿಸಿಕಲ್‌ಗೆ ರೆಡಿ ಮಾಡ್ತೀವಿ ಅಂತ ಒಂದು ವೆಬ್‌ಸೈಟ್‌ನವರು ಹೇಳಿದ್ರು. 2,499 ರೂಪಾಯಿ ಕಟ್ಬುಟ್ಟೆ. ಒಂದು ಪಿಡಿಎಫ್ ಕಳಿಸಿದ್ರು, ಅಷ್ಟೇ. ಇವಾಗ ಫೋನೇ ಎತ್ತುತ್ತಿಲ್ಲ. ಇದು ಫ್ರಾಡಾ ಸಾರ್?"

ಫ್ರಾಡಾ ಸಾರ್! ನೋಡಿ, ದುಡ್ಡು ಕಟ್ಟಿದ ಮೇಲೆ ಕೇಳೋ ಪ್ರಶ್ನೆ ಇದು. ಕಟ್ಟೋಕೆ ಮುಂಚೆ ಯಾರೂ ಕೇಳಲ್ಲ. ಆದರೂ ಅವನನ್ನ ಬೈಯೋಕೆ ನನಗೆ ಮನಸ್ಸು ಬರಲಿಲ್ಲ. 2,499 ರೂಪಾಯಿ ಅಂದ್ರೆ ಬೆಂಗಳೂರಿನ ಮಾಲ್‌ನಲ್ಲಿ ಒಂದು ಸಂಜೆಯ ಖರ್ಚು. ಆಲೆಮನೆ ಕೂಲಿ ನಂಬಿಕೊಂಡಿರೋ ಮನೆಗೆ ಅದು ಹಲವು ದಿನದ ಬೆವರು. ಮಾರನೇ ದಿನ ಆಫೀಸಿಗೆ ಬಂದವನೇ ಆ ವೆಬ್‌ಸೈಟ್ ತೆರೆದು, ಹುಡುಗನನ್ನ ಫೋನ್ ಲೈನಿನಲ್ಲಿ ಇಟ್ಟುಕೊಂಡು, ಇಬ್ಬರೂ ಸೇರಿ ಒಂದೊಂದಾಗಿ ನೋಡ್ತಾ ಹೋದ್ವಿ. ಅವತ್ತು ಕಂಡದ್ದನ್ನೇ ನಿಮಗೆ ಹೇಳ್ತೀನಿ.

ಅದಕ್ಕೆ ಮುಂಚೆ ಒಂದು ಮಾತು. ಪಾಂಡವಪುರ ಉಪವಿಭಾಗ ಅಂದ್ರೆ ನಾಲ್ಕು ತಾಲೂಕು: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಕಬ್ಬು, ಭತ್ತ, ರಾಗಿ ಬೆಳೆಯೋ ಜನ. ಇವರಿಗೆ ಫಿಟ್‌ನೆಸ್ ವೆಬ್‌ಸೈಟ್ ಯಾಕೆ ಅಂತ ಸಿಟಿಯವರು ನಗಬಹುದು. ನಗಬೇಡಿ. ಪೊಲೀಸ್ ಕಾನ್‌ಸ್ಟೆಬಲ್ ಆಗೋಕೆ ಗಂಡುಮಕ್ಕಳು 1,600 ಮೀಟರನ್ನ 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಎತ್ತರ 168 ಸೆಂಟಿಮೀಟರ್ ಇರಬೇಕು. ಎದೆ ಸುತ್ತಳತೆ 86, ಉಸಿರು ಎಳೆದಾಗ ಇನ್ನೂ 5 ಸೆಂಟಿಮೀಟರ್ ಹಿಗ್ಗಬೇಕು. ಅಗ್ನಿವೀರ್‌ಗೆ ಹೋಗೋರು ಓಟದಲ್ಲಿ ಪೂರ್ತಿ ಅಂಕ ತಗೋಬೇಕಾದ್ರೆ 1.6 ಕಿಲೋಮೀಟರನ್ನ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಡಿಗ್ರಿ ಮುಗಿಸಿ, ಹೊಲಕ್ಕೂ ಇಳಿಯೋಕಾಗದೆ, ಬೆಂಗಳೂರಿಗೂ ಹೋಗೋಕಾಗದೆ ಕೂತಿರೋ ಹುಡುಗನಿಗೆ ಆ ಮೂವತ್ತು ಸೆಕೆಂಡೇ ಜೀವನ. ಆ ಮೂವತ್ತು ಸೆಕೆಂಡನ್ನ ಮಾರಾಟಕ್ಕೆ ಇಟ್ಟಿದ್ದಾರೆ ಇವರು.

ಇನ್ನು ಮದುವೆ. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗ್ತಿಲ್ಲ ಅಂತ ನಮ್ಮ ಮಂಡ್ಯದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದ್ರಲ್ಲ, ಆಗ ಟಿವಿಯವರೆಲ್ಲ ಅದನ್ನ ತಮಾಷೆ ಮಾಡಿದ್ವಿ, ನಾನೂ ಸೇರಿ. ಹೆಣ್ಣು ನೋಡೋಕೆ ಹೋಗೋ ಮುಂಚೆ ಹೊಟ್ಟೆ ಕರಗಬೇಕು ಅಂತ ರಾತ್ರಿ ಹೊತ್ತು ಫೋನ್ ಹಿಡ್ಕೊಂಡು ಹುಡುಕೋ ಹುಡುಗನ ಸಂಕಟ ತಮಾಷೆ ಅಲ್ಲ. ಹೆರಿಗೆ ಆದ ಮೇಲೆ ತೂಕ ಏರಿದ ಹೆಣ್ಣುಮಗಳು, ಶುಗರ್ ಬಂತು ಅಂತ ಡಾಕ್ಟರ್ ಬೈದ ಐವತ್ತರ ಯಜಮಾನರು, ಎಲ್ಲರೂ ಹೋಗಿ ಬೀಳೋದು ಅದೇ ಗುಂಡಿಗೆ.

ಸರಿ, ವೆಬ್‌ಸೈಟಿಗೆ ಬರೋಣ.

ತೆರೆದ ತಕ್ಷಣ ಮೇಲುಗಡೆ ಕೆಂಪು ಗಡಿಯಾರ. "ಆಫರ್ ಇನ್ನು 14 ನಿಮಿಷ ಮಾತ್ರ! 9,999 ರೂಪಾಯಿಯ ಪ್ಲ್ಯಾನ್ ಬರೀ 2,499ಕ್ಕೆ!" ನಾನು ಹುಡುಗನಿಗೆ ಹೇಳಿದೆ, "ಅಪ್ಪಾ, ಪೇಜ್ ಮುಚ್ಚಿ ಮತ್ತೆ ತೆಗಿ." ತೆಗೆದ. "ಸಾರ್, ಮತ್ತೆ 14 ನಿಮಿಷ ಅಂತ ಬಂತು!" ಎರಡು ವಾರದ ಹಿಂದೆ ಅವನು ದುಡ್ಡು ಕಟ್ಟಿದಾಗಲೂ ಅಲ್ಲಿ ಹದಿನಾಲ್ಕೇ ನಿಮಿಷ ಇತ್ತಂತೆ. ಇದಕ್ಕೆ ಕಾನೂನಿನಲ್ಲಿ ಹೆಸರೇ ಇದೆ ಸ್ವಾಮಿ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 'ಡಾರ್ಕ್ ಪ್ಯಾಟರ್ನ್' ಅನ್ನೋ 13 ಬಗೆಯ ಆನ್‌ಲೈನ್ ಮೋಸಗಳ ಪಟ್ಟಿ ಮಾಡಿ ನಿಷೇಧಿಸಿತು. ಪಟ್ಟಿಯಲ್ಲಿ ಮೊದಲನೇದೇ ಸುಳ್ಳು ಅವಸರ. ಯೋಚನೆ ಮಾಡೋಕೆ ಟೈಮ್ ಕೊಟ್ರೆ ನೀವು ಮನೆಯವರನ್ನ ಕೇಳ್ತೀರಿ, ಮನೆಯವರು ಬೇಡ ಅಂತಾರೆ. ಅದಕ್ಕೇ ಗಡಿಯಾರ.

ಕೆಳಗೆ ಹೋದ್ವಿ. ಮೊದಲು ಹೊಟ್ಟೆ ಇದ್ದ ಫೋಟೋ, ಪಕ್ಕದಲ್ಲಿ ಹೊಟ್ಟೆ ಹೋದ ಫೋಟೋ. ಹೆಸರು ಕನ್ನಡದ್ದು, ಊರು ಮೈಸೂರು ಅಂತ ಬರೆದಿದೆ. ಮುಖ ನೋಡಿದ್ರೆ ಮೈಸೂರೂ ಅಲ್ಲ, ಮದ್ದೂರೂ ಅಲ್ಲ. ಫೋಟೋ ಮೇಲೆ ಬೆರಳು ಒತ್ತಿ ಹಿಡಿದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದ್ರೆ ಅದೇ ಮನುಷ್ಯ ಬೇರೆ ದೇಶದ ಎರಡು ಮೂರು ಸೈಟುಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ತೂಕ ಇಳಿಸಿಕೊಂಡಿದ್ದಾನೆ. ಪುಣ್ಯಾತ್ಮ, ಎಷ್ಟು ಸಲ ಇಳಿಸಿದನೋ! ಫೋಟೋ ನಿಜದ್ದೇ ಆದರೂ ಪೂರ್ತಿ ನಂಬೋಕಾಗಲ್ಲ ಅನ್ನೋದು ನಮ್ಮ ಕ್ಯಾಮೆರಾದವರನ್ನ ಕೇಳಿದ್ರೆ ಗೊತ್ತಾಗುತ್ತೆ. ಲೈಟು ಬದಲಿಸಿ, ಹೊಟ್ಟೆ ಒಳಗೆ ಎಳೆದು, ಎದೆ ಮುಂದೆ ಮಾಡಿ ನಿಂತರೆ ಅರ್ಧ ಗಂಟೆಯಲ್ಲೇ ಎರಡೂ ಫೋಟೋ ಸಿದ್ಧ.

ಸೈಟಿನಲ್ಲಿ "10 ವರ್ಷಗಳ ಅನುಭವ" ಅಂತ ದೊಡ್ಡದಾಗಿ ಬರೆದಿತ್ತು. ಹೊಲಕ್ಕೆ ಪಹಣಿ ಇದ್ದ ಹಾಗೆ ವೆಬ್‌ಸೈಟ್ ಹೆಸರಿಗೂ ಒಂದು ದಾಖಲೆ ಇರುತ್ತೆ. ಐಕ್ಯಾನ್ ಲುಕಪ್ ಅಂತ ಹುಡುಕಿ, ಅಲ್ಲಿ ವೆಬ್‌ಸೈಟಿನ ಹೆಸರು ಹಾಕಿ. ಮಾಲೀಕರ ಹೆಸರು ಎಷ್ಟೋ ಸಲ ಮುಚ್ಚಿರುತ್ತೆ, ಅದಕ್ಕೆ ಗಾಬರಿ ಬೇಡ. ಆದರೆ ಆ ಹೆಸರು ಯಾವತ್ತು ನೋಂದಣಿ ಆಯ್ತು ಅನ್ನೋ ತಾರೀಖು ಕಾಣುತ್ತೆ. ಈ ಹತ್ತು ವರ್ಷದ ಅನುಭವಿಗಳು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಹೊಸದೆಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ಎಲ್ಲ ಅಂಗಡಿಗೂ ಒಂದು ಮೊದಲನೇ ದಿನ ಇರುತ್ತೆ. ನಾಲ್ಕು ತಿಂಗಳಾಗಿದೆ ಅಂತ ಹೇಳಿಕೊಂಡಿದ್ರೆ ನನಗೆ ತಕರಾರು ಇರಲಿಲ್ಲ.

"ಸಾರ್, ಬೀಗದ ಗುರುತು ಇತ್ತಲ್ಲ, ಅದಕ್ಕೇ ನಂಬಿದೆ" ಅಂದ ಹುಡುಗ. ಈ ಬೀಗದ ಕಥೆ ಎಲ್ಲರೂ ತಿಳ್ಕೋಬೇಕು. ನಿಮ್ಮ ಫೋನಿಗೂ ಆ ವೆಬ್‌ಸೈಟಿಗೂ ನಡುವೆ ಓಡಾಡೋ ಮಾಹಿತಿಯನ್ನ ದಾರಿಯಲ್ಲಿ ಮೂರನೆಯವರು ಕದಿಯೋಕಾಗಲ್ಲ ಅಂತಷ್ಟೇ ಅದರ ಅರ್ಥ. ಆ ಕಡೆ ಕೂತಿರೋನೇ ಕಳ್ಳನಾದ್ರೆ? ಬೀಗ ಅವನ ಮನೆದೇ.

ಈಗ ಮುಖ್ಯವಾದದ್ದು, ವಿಳಾಸ. ಶ್ರೀರಂಗಪಟ್ಟಣ, ಗಂಜಾಂ ಕಡೆಯ ಹಿರಿಯರನ್ನ ಕೇಳಿ, ಗರಡಿ ಮನೆ ಹೇಗಿತ್ತು ಅಂತ. ಅದಕ್ಕೊಂದು ಬೀದಿ ಇತ್ತು, ಬಾಗಿಲಿತ್ತು, ಒಳಗೆ ಹನುಮಂತನ ಪಟ ಇತ್ತು, ಕೆಮ್ಮಣ್ಣಿನ ಮಟ್ಟಿ ಇತ್ತು. ಉಸ್ತಾದ್ ಯಾರು, ಯಾರ ಹತ್ರ ಕಲಿತವರು, ಯಾವ ದಸರಾದಲ್ಲಿ ಯಾರ ಜೊತೆ ಕುಸ್ತಿ ಆಡಿದ್ರು, ಇಡೀ ಊರಿಗೆ ಗೊತ್ತಿರ್ತಿತ್ತು. ಮಗ ಕೈ ಮುರ್ಕೊಂಡು ಬಂದ್ರೆ ಅಪ್ಪ ನೇರ ಹೋಗಿ ಬಾಗಿಲಲ್ಲಿ ನಿಂತ್ಕೊಂಡು ಕೇಳಬಹುದಿತ್ತು. ವೆಬ್‌ಸೈಟಿಗೂ ಅಂಥದ್ದೊಂದು ಬಾಗಿಲು ಇರಲೇಬೇಕು ಅಂತ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮ ಹೇಳುತ್ತೆ. ಸಂಸ್ಥೆಯ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿಯ ವಿಳಾಸ, ಗ್ರಾಹಕರು ಸಂಪರ್ಕಿಸೋಕೆ ಫೋನು, ಇಮೇಲ್, ದೂರು ಕೇಳೋ ಅಧಿಕಾರಿಯ ಹೆಸರು, ಇವೆಲ್ಲ ಸೈಟಿನಲ್ಲಿ ಕಣ್ಣಿಗೆ ಕಾಣೋ ಹಾಗೆ ಇರಬೇಕು. ದೂರು ಕೊಟ್ರೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ. ಈ ಸೈಟಿನಲ್ಲಿ ಇದ್ದದ್ದು ಒಂದು ವಾಟ್ಸ್ಆ್ಯಪ್ ನಂಬರ್ ಮತ್ತು ಒಂದು ಜಿಮೇಲ್ ವಿಳಾಸ. ಮುಗೀತು.

ಜಿಎಸ್‌ಟಿ ನಂಬರ್ ಹಾಕಿದ್ರೆ ಅದನ್ನೂ ನೋಡಬಹುದು. 15 ಅಕ್ಷರ ಮತ್ತು ಅಂಕಿ ಇರುತ್ತೆ, ಕರ್ನಾಟಕದ್ದಾದ್ರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ್ರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತೆ. ಸಣ್ಣ ವ್ಯವಹಾರದವರಿಗೆ ಅದು ಇಲ್ಲದೇ ಇರಬಹುದು, ಅದು ತಪ್ಪಲ್ಲ. ಬೇರೆ ಯಾರದ್ದೋ ನಂಬರ್ ಹಾಕಿದ್ರೆ ಮಾತ್ರ ಅಲ್ಲಿಂದಲೇ ಎದ್ದು ಬನ್ನಿ.

ಇಷ್ಟೆಲ್ಲ ಸರಿ ಇದ್ದು, ಪ್ಲ್ಯಾನೇ ಕೆಟ್ಟದ್ದಾಗಿದ್ರೆ? ಇಲ್ಲಿ ದುಡ್ಡಲ್ಲ, ದೇಹ ಹೋಗುತ್ತೆ. ಅದೇ ಸೈಟಿನಲ್ಲಿ ಇನ್ನೊಂದು ಪ್ಯಾಕೇಜ್: "15 ದಿನದಲ್ಲಿ 10 ಕೆಜಿ ಇಳಿಸಿ." ಬನ್ನಿ, ಲೆಕ್ಕ ಹಾಕೋಣ. ಒಂದು ಕೆಜಿ ಕೊಬ್ಬು ಕರಗಬೇಕಾದ್ರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಹತ್ತು ಕೆಜಿಗೆ 77,000. ಹದಿನೈದು ದಿನಕ್ಕೆ ಭಾಗಿಸಿದ್ರೆ ದಿನಕ್ಕೆ 5,100ಕ್ಕೂ ಹೆಚ್ಚು. ಐಸಿಎಂಆರ್ ಲೆಕ್ಕದಲ್ಲಿ 65 ಕೆಜಿ ತೂಕದ, ಮಧ್ಯಮ ದುಡಿಮೆಯ ಗಂಡಸಿಗೆ ದಿನಕ್ಕೆ ಬೇಕಾಗಿರೋದೇ 2,710 ಕ್ಯಾಲೊರಿ. ಅಂದ್ರೆ ಹದಿನೈದು ದಿನ ಬರೀ ನೀರು ಕುಡಿದು ಗದ್ದೆ ಕೆಲಸ ಮಾಡಿದ್ರೂ ಅಷ್ಟು ಕೊಬ್ಬು ಕರಗಲ್ಲ! ತೂಕದ ಯಂತ್ರದಲ್ಲಿ ಇಳಿದದ್ದು ಕಂಡ್ರೆ ಅದರಲ್ಲಿ ನೀರೂ ಇರುತ್ತೆ, ಮಾಂಸಖಂಡವೂ ಇರುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಆಹಾರ ಮಾರ್ಗಸೂಚಿಯಲ್ಲಿ ವಾರಕ್ಕೆ ಅರ್ಧ ಕೆಜಿ ಇಳಿಸೋದು ಸುರಕ್ಷಿತ ಅಂತ ಹೇಳಿದೆ. ತೂಕ ಇಳಿಸೋ ಊಟವೂ ದಿನಕ್ಕೆ 1,000 ಕ್ಯಾಲೊರಿಗಿಂತ ಕಮ್ಮಿ ಆಗಬಾರದು ಅಂತಿದೆ. ವಾರಕ್ಕೆ ಅರ್ಧ ಕೆಜಿ ಅಂತ ಯಾವನಾದ್ರೂ ಜಾಹೀರಾತು ಕೊಡ್ತಾನಾ? ಕೊಟ್ರೆ ಅವನ ಸೈಟು ಇನ್ನೊಂದು ಸಲ ನೋಡಿ, ಯೋಗ್ಯ ಇರಬಹುದು.

"ಹೈಟ್ ಬೂಸ್ಟರ್" ಅಂತ ಒಂದು ಡಬ್ಬಿಯನ್ನೂ ಮಾರ್ತಿದ್ರು ಅಲ್ಲೇ. 168 ಸೆಂಟಿಮೀಟರ್‌ಗೆ ಒಂದೆರಡು ಕಮ್ಮಿ ಇರೋ ಹುಡುಗರನ್ನ ಹಿಡಿಯೋ ಗಾಳ ಅದು. ಎತ್ತರ ಹೆಚ್ಚಿಸ್ತೀವಿ, ಬೊಜ್ಜು ಕರಗಿಸ್ತೀವಿ, ಶುಗರ್ ವಾಸಿ ಮಾಡ್ತೀವಿ ಅಂತ ಔಷಧಿ ಜಾಹೀರಾತು ಕೊಡೋದನ್ನ 1954ರಲ್ಲೇ ನಿಷೇಧಿಸಿದೆ ಈ ದೇಶ. ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮೆಡೀಸ್ ಕಾಯ್ದೆ ಅಂತ ಅದರ ಹೆಸರು. ಎಪ್ಪತ್ತು ವರ್ಷ ಹಳೆಯ ಕಾಯ್ದೆ, ಜಾಹೀರಾತು ಇವತ್ತಿನದು. ಇನ್ನು ಪ್ರೋಟೀನ್ ಪುಡಿ. ಅದು ಕಾನೂನಿನ ಪ್ರಕಾರ ಆಹಾರ, ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ನಾನು ಹೇಳಿದ ಅದೇ ಮಾರ್ಗಸೂಚಿ, ಮೈ ಬೆಳೆಸೋಕೆ ಪ್ರೋಟೀನ್ ಪುಡಿ ತಗೋಬೇಡಿ ಅಂತಲೂ ಹೇಳಿದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಮನೆಯಲ್ಲಿ ಹುರುಳಿ ಬಸ್ಸಾರು ಮಾಡ್ತಾರಲ್ಲ, ಅದನ್ನ ಬಿಟ್ಟು ಎಲ್ಲಿಗೆ ಹೋಗ್ತೀರಿ?

ಊಟದ ಮಾತು ಬಂತಲ್ಲ, ಹುಡುಗನಿಗೆ ಕಳಿಸಿದ ಪಿಡಿಎಫ್ ತೆರೆದು ನೋಡಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬೆಳಗ್ಗೆ ಓಟ್ಸ್ ಮತ್ತು ಬ್ಲೂಬೆರ್ರಿ. ಮಧ್ಯಾಹ್ನ ಕೀನ್ವಾ, ಅವಕಾಡೊ. ರಾತ್ರಿ ಸಾಲ್ಮನ್ ಮೀನು. ಕಾವೇರಿಯಲ್ಲಿ ಸಾಲ್ಮನ್ ಎಲ್ಲಿಂದ ಬರುತ್ತೆ ಸ್ವಾಮಿ? ಇಡೀ ಹನ್ನೆರಡು ಪುಟದಲ್ಲಿ ಮುದ್ದೆ ಅನ್ನೋ ಶಬ್ದವೇ ಇಲ್ಲ. ಓಟದ ಪಟ್ಟಿ ಇರಲೇ ಇಲ್ಲ, ಡಂಬಲ್, ಕೇಬಲ್ ಮೆಷಿನ್ ಇಷ್ಟೇ. ಯಾರದ್ದೋ ದೇಶದ ಯಾರಿಗೋ ಮಾಡಿದ ಹಾಳೆಯ ತಲೆ ಮೇಲೆ "ಪೊಲೀಸ್ ಸ್ಪೆಷಲ್" ಅಂತ ಬರೆದು ಕಳಿಸಿದ್ರು. ಮುದ್ದೆ ತಿನ್ನೋನಿಗೆ ಪ್ಲ್ಯಾನ್ ಮಾಡೋನು ಮುದ್ದೆ ತಿಂತೀಯಾ ಅಂತಾನಾದ್ರೂ ಕೇಳಬೇಕಲ್ವಾ?

ಕೇಳಬೇಕು. ನಾನು ಒತ್ತಿ ಹೇಳೋದು ಇದೊಂದನ್ನೇ. ಗರಡಿಗೆ ಹೊಸ ಹುಡುಗ ಹೋದ್ರೆ ಉಸ್ತಾದ್ ಮೊದಲ ದಿನವೇ ಮಟ್ಟಿಗೆ ಇಳಿಸ್ತಿರಲಿಲ್ಲ. ಎಷ್ಟು ವಯಸ್ಸು, ಏನು ತಿಂತೀಯಾ, ಹಿಂದೆ ಎಲ್ಲಾದ್ರೂ ಬಿದ್ದಿದ್ಯಾ ಅಂತ ಕೇಳಿ, ನಾಲ್ಕು ಬಸ್ಕಿ ಹೊಡೆಸಿ ಉಸಿರು ನೋಡ್ತಿದ್ರು. ಕೆನಡಾದವರು 1970ರ ದಶಕದಲ್ಲಿ ಇದನ್ನೇ ಏಳು ಪ್ರಶ್ನೆಯ ಒಂದು ಹಾಳೆ ಮಾಡಿದ್ರು, ಪಾರ್-ಕ್ಯೂ ಅಂತ ಅದರ ಹೆಸರು. ಹೃದಯದ ತೊಂದರೆ ಇದೆ ಅಂತ ಡಾಕ್ಟರ್ ಹೇಳಿದ್ದಾರಾ, ಎದೆ ನೋವು ಬರುತ್ತಾ, ತಲೆ ಸುತ್ತುತ್ತಾ, ಮೂಳೆ ಕೀಲಿನ ತೊಂದರೆ ಇದೆಯಾ, ಬಿಪಿ ಮಾತ್ರೆ ತಗೋತಿದ್ದೀರಾ, ಇಂಥವು. ಒಂದಕ್ಕೆ ಹೌದು ಅಂದ್ರೂ ಮೊದಲು ಡಾಕ್ಟರ್ ಹತ್ರ ಹೋಗಿ ಅಂತ ಅದು ಹೇಳುತ್ತೆ. ಪಾಂಡವಪುರದ ಹುಡುಗನಿಗೆ ಆ ಸೈಟು ಕೇಳಿದ್ದು ಮೂರು: ಹೆಸರು, ವಾಟ್ಸ್ಆ್ಯಪ್ ನಂಬರ್, ಯುಪಿಐಯಲ್ಲಿ ಕಟ್ತೀರೋ ಕಾರ್ಡಿನಲ್ಲೋ.

ಶುಗರ್ ಇರೋ ಯಜಮಾನರು ಇದನ್ನ ಹಗುರವಾಗಿ ತಗೋಬೇಡಿ. ಇನ್ಸುಲಿನ್ ತಗೋತಾ, ಆನ್‌ಲೈನ್‌ನವನು ಹೇಳಿದ ಅಂತ ದಿಢೀರನೆ ಮುದ್ದೆ, ಅನ್ನ ನಿಲ್ಲಿಸಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಿದ್ರೆ ಸಕ್ಕರೆ ಕುಸಿದು ದಾರಿಯಲ್ಲೇ ಬೀಳ್ತೀರಿ. 2021ರ ಅಕ್ಟೋಬರ್ 29 ನೆನಪಿದೆಯಲ್ಲ? ನಮ್ಮ ಅಪ್ಪು, 46 ವರ್ಷ. ಅವರ ಸಾವಿಗೂ ಇಂಥ ವೆಬ್‌ಸೈಟುಗಳಿಗೂ ಯಾವ ಸಂಬಂಧವೂ ಇಲ್ಲ, ಸ್ಪಷ್ಟವಾಗಿ ಹೇಳಿಬಿಡ್ತೀನಿ. ಆದರೆ ಅದಾದ ಮೇಲೆ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಎದೆ ತೋರಿಸಿಕೊಳ್ಳೋಕೆ ಜನ ಸಾಲುಗಟ್ಟಿ ನಿಂತಿದ್ರು. ಆ ಭಯ ಕೆಲವೇ ವಾರಕ್ಕೆ ಇಳಿದು ಹೋಯ್ತು. ಬಿಪಿ, ಶುಗರ್ ಪರೀಕ್ಷೆ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಆಗುತ್ತೆ. ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದಲ್ಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆಯೇ ಇದೆ.

ತರಬೇತಿ ಕೊಡೋನು "ಸರ್ಟಿಫೈಡ್" ಅಂದ್ರೆ ಯಾರು ಸರ್ಟಿಫಿಕೇಟ್ ಕೊಟ್ಟಿದ್ದು ಅಂತ ಕೇಳಿ. ಪಟಿಯಾಲಾದ ಎನ್ಐಎಸ್ ಡಿಪ್ಲೊಮಾನಾ, ಬಿಪಿಎಡ್ಡಾ, ಡಯೆಟಿಷಿಯನ್ ಆದ್ರೆ ನೋಂದಣಿ ಇದೆಯಾ? ಆರೋಗ್ಯದ ಸಲಹೆ ಕೊಡೋ ಇನ್‌ಫ್ಲುಯೆನ್ಸರ್‌ಗಳು ತಮ್ಮ ಅರ್ಹತೆ ಏನು ಅಂತ ತಿಳಿಸಬೇಕು ಅಂತ 2023ರ ಆಗಸ್ಟ್‌ನಲ್ಲೇ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಿದೆ. ಎಂಟು ಮಡಿಕೆ ಹೊಟ್ಟೆ ಅರ್ಹತೆ ಅಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗೇ ಹೇಳಬೇಕು. "ಪ್ರೋಗ್ರೆಸ್ ನೋಡೋಕೆ ಒಳಉಡುಪಿನಲ್ಲಿ ಫೋಟೋ ಕಳಿಸಿ" ಅಂತ ಕೇಳ್ತಾರೆ. ಕಳಿಸಬೇಡಿ. ಟೇಪಿನಲ್ಲಿ ಸೊಂಟ ಅಳೆದು ಸಂಖ್ಯೆ ಬರೆದು ಕಳಿಸಿ, ಪ್ಲ್ಯಾನ್ ಮಾಡೋಕೆ ಅಷ್ಟು ಸಾಕು. ಫೋಟೋ ಒಂದು ಸಲ ಕೈಬಿಟ್ಟು ಹೋದ್ರೆ ಯಾರ ಫೋನಿನಲ್ಲಿ ಯಾವಾಗ ಇರುತ್ತೋ, ಅದನ್ನ ಇಟ್ಕೊಂಡು ಯಾರು ಯಾವಾಗ ದುಡ್ಡು ಕೇಳ್ತಾರೋ ಹೇಳೋಕಾಗಲ್ಲ. ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ, ನಮ್ಮ ಆ್ಯಪ್ ಹಾಕ್ಕೊಳ್ಳಿ ಅಂದ್ರೂ ಅಷ್ಟೇ, ಮುಟ್ಟಬೇಡಿ.

ಆನ್‌ಲೈನ್ ಅಂದ್ರೆಲ್ಲ ಮೋಸಾನಾ? ಅಲ್ಲ. ಹೆಲ್ದಿಫೈಮಿ 2012ರಲ್ಲಿ, ಕ್ಯೂರ್‌ಫಿಟ್ 2016ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕಂಪನಿಗಳು. ಇವರ ಹತ್ರ ಕಟ್ಟಿ, ಅವರ ಹತ್ರ ಕಟ್ಟಬೇಡಿ ಅಂತ ನಾನು ಹೇಳಲ್ಲ, ಅದು ನನ್ನ ಕೆಲಸ ಅಲ್ಲ. ಹೆಸರು ದೊಡ್ಡದಿದ್ರೂ ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ. ದುಡ್ಡು ವಾಪಸ್ ಕೊಡೋ ಷರತ್ತು ಓದಿ. ಆಟೋಪೇ ಅಂತ ಕೇಳಿದ್ರೆ ನಿಂತು ಯೋಚನೆ ಮಾಡಿ. 15,000 ರೂಪಾಯಿ ಒಳಗಿನ ಕಂತು ಪ್ರತಿ ಸಲ ಓಟಿಪಿ ಇಲ್ಲದೆ ತಾನಾಗೇ ಕಟ್ ಆಗೋಕೆ ಅವಕಾಶ ಇದೆ. 24 ಗಂಟೆ ಮುಂಚೆ ನಿಮಗೊಂದು ಮೆಸೇಜ್ ಬರುತ್ತೆ, ಅದನ್ನ ಓದದೆ ಅಳಿಸಬೇಡಿ. ದುಡ್ಡೇ ಬೇಡ ಅನ್ನೋರಿಗೆ ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಆ್ಯಪ್ ಪುಕ್ಕಟೆ ಇದೆ.

ಹುಡುಗನ ವಿಚಾರಕ್ಕೆ ಬರ್ತೀನಿ. ನಾನು ಅವತ್ತೇ 1930ಕ್ಕೆ ಫೋನ್ ಮಾಡು ಅಂದೆ. ಸೈಬರ್ ವಂಚನೆಗೆ ದೇಶಕ್ಕೆಲ್ಲ ಒಂದೇ ನಂಬರ್ ಅದು. ದುಡ್ಡು ಹೋದ ಮೊದಲ ಗಂಟೆಗಳಲ್ಲಿ ಮಾಡಿದ್ರೆ ಆ ಖಾತೆಯಲ್ಲೇ ಹಣ ತಡೆಹಿಡಿಯೋ ಸಾಧ್ಯತೆ ಇರುತ್ತೆ. ಇವನು ಎರಡು ವಾರ ಸುಮ್ಮನಿದ್ದ, ನಾಚಿಕೆಯಿಂದ. ಆಮೇಲೆ ಮಂಡ್ಯದ ಸಿಇಎನ್ ಠಾಣೆಗೂ ಹೋಗಿ ಬಂದ. ವಂಚನೆ ಅಲ್ಲ, ಬರೀ ಕೆಟ್ಟ ಸೇವೆ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಎಷ್ಟೋ ಜನರಿಗೆ ಗೊತ್ತಿಲ್ಲದ ವಿಷಯ ಹೇಳ್ತೀನಿ ಕೇಳಿ: 2019ರ ಗ್ರಾಹಕ ಕಾಯ್ದೆ ಪ್ರಕಾರ ಕಂಪನಿ ದೆಹಲಿಯಲ್ಲಿದ್ರೂ ನೀವು ವಾಸ ಇರೋ ಜಿಲ್ಲೆಯಲ್ಲೇ, ಅಂದ್ರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. 5 ಲಕ್ಷ ರೂಪಾಯಿವರೆಗೆ ಶುಲ್ಕವೂ ಇಲ್ಲ.

ಮಧ್ಯೆ ಅವನಿಗೆ ಇನ್ನೊಂದು ಫೋನ್ ಬಂತಂತೆ. "ನಿಮ್ಮ ರೀಫಂಡ್ ರೆಡಿ ಇದೆ, ರಿಕ್ವೆಸ್ಟ್ ಕಳಿಸಿದ್ದೀವಿ, ಯುಪಿಐ ಪಿನ್ ಒತ್ತಿ." ಒಂದು ಸಲ ಬಿದ್ದೋನನ್ನ ಎರಡನೇ ಸಲ ಹುಡುಕ್ಕೊಂಡು ಬರ್ತಾರೆ. ದುಡ್ಡು ಪಡೆಯೋಕೆ ಪಿನ್ ಬೇಕಾಗಲ್ಲ, ಕೊಡೋಕೆ ಮಾತ್ರ ಬೇಕು. ಅದೃಷ್ಟಕ್ಕೆ ಅವನು ಒತ್ತದೆ ನನಗೆ ಫೋನ್ ಮಾಡಿದ.

ಕಳೆದ ವಾರ ಮತ್ತೆ ಮೆಸೇಜ್ ಹಾಕಿದ್ದ. 2,499 ಇನ್ನೂ ಬಂದಿಲ್ಲ. ಊರಿನ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಬೆಳಗ್ಗೆ ಐದೂವರೆಗೆ ಮೈದಾನದಲ್ಲಿ ನಾಲ್ಕು ಹುಡುಗರನ್ನ ಓಡಿಸ್ತಾರಂತೆ, ಅಲ್ಲಿಗೆ ಸೇರ್ಕೊಂಡಿದ್ದಾನೆ. ಮೊದಲ ದಿನ ಮೇಷ್ಟ್ರು ಓಡಿಸಲಿಲ್ಲವಂತೆ, ಕೂರಿಸಿಕೊಂಡು ಪ್ರಶ್ನೆ ಕೇಳಿದ್ರಂತೆ. 1,600 ಮೀಟರ್ ಈಗ 7 ನಿಮಿಷ 10 ಸೆಕೆಂಡಿಗೆ ಬಂದಿದೆ. ಇನ್ನೂ 40 ಸೆಕೆಂಡ್ ಇಳಿಸಬೇಕು.